ಓದುಗರ ಪ್ರಶ್ನೆ, ನಮ್ಮ ಉತ್ತರ: ಗಡಿನಾಡಿನ ಶಾಲೆಗಳಲ್ಲಿ ಯಾರ ಪಾಲು ಯಾರಿಗೆ?

ಶಾಲೆ ಕಾಲೇಜುಗಳಲ್ಲಿ ಕಂಡ ತಾರತಮ್ಯ ಮತ್ತು ಅದನ್ನು ಸರಿಪಡಿಸುವ ದಾರಿಗಳ ಬಗ್ಗೆ ಪ್ರಶ್ನೆ ಕಳುಹಿಸಬೇಕೆಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕೇರಳದ ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳವು. ಒಂದು ಪತ್ರ ಮಹಾರಾಷ್ಟ್ರದ ಜತ್ ಕಡೆಯಿಂದ ಬಂದಿದೆ. ಮಕ್ಕಳ ಹಿತದೃಷ್ಟಿಯಿಂದ ಬರೆದವರ ಹೆಸರನ್ನೂ ಶಾಲೆಗಳ ಹೆಸರನ್ನೂ ಪ್ರಕಟಿಸುತ್ತಿಲ್ಲ.

ಪ್ರಶ್ನೆ: ನನ್ನ ಮಗಳು ಸರಕಾರಿ ಶಾಲೆಯ ಕನ್ನಡ ಮಾಧ್ಯಮದಲ್ಲಿ ಎಂಟನೇ ತರಗತಿಯಲ್ಲಿದ್ದಾಳೆ. ಜೂನ್‌ನಲ್ಲಿ ಬಂದ ಗಣಿತದ ಅಧ್ಯಾಪಕರಿಗೆ ಕನ್ನಡ ಬರುವುದಿಲ್ಲ. ಅವರು ಒಳ್ಳೆಯವರೇ, ಮಕ್ಕಳನ್ನು ಗದರುವುದಿಲ್ಲ, ಆದರೆ ಪಾಠ ಮಾತ್ರ ಮಕ್ಕಳಿಗೆ ಅರ್ಥವಾಗುತ್ತಿಲ್ಲ. ಈಗ ಪ್ರತಿಯೊಂದು ವಿಷಯದಲ್ಲಿಯೂ ಕನಿಷ್ಠ ಅಂಕ ಬೇಕು ಎನ್ನುತ್ತಾರೆ. ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿಬಿಡುವುದು ಒಳ್ಳೆಯದೇ?
— ಒಬ್ಬ ತಾಯಿ, ಮಂಜೇಶ್ವರ ತಾಲೂಕು

ಉತ್ತರ: ನಿಮ್ಮ ಆತಂಕಕ್ಕೆ ಕಾರಣವಿದೆ. 2024-25ರಿಂದ ಕೇರಳದಲ್ಲಿ ಎಂಟನೇ ತರಗತಿಯ ಮಕ್ಕಳು ಪ್ರತಿ ವಿಷಯದ ಲಿಖಿತ ಪರೀಕ್ಷೆಯಲ್ಲಿ ಶೇಕಡ 30 ಅಂಕ ಪಡೆಯಬೇಕೆಂಬ ನಿಯಮ ಬಂದಿದೆ. ಪಡೆಯದವರಿಗೆ ವಿಶೇಷ ತರಗತಿ ನಡೆಸಿ ಮತ್ತೆ ಪರೀಕ್ಷೆ ಮಾಡುತ್ತಾರೆ. ಕಲಿಕೆಯ ಗುಣಮಟ್ಟ ಹೆಚ್ಚಬೇಕೆಂಬ ಈ ನಿಯಮದ ಉದ್ದೇಶವನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ತನಗೆ ತಿಳಿಯುವ ಭಾಷೆಯಲ್ಲಿ ಪಾಠವನ್ನೇ ಕೇಳದ ಮಗುವನ್ನು, ಕೇಳಿದ ಮಗುವಿನ ಜೊತೆ ಒಂದೇ ಅಳತೆಗೋಲಿನಲ್ಲಿ ಅಳೆದು, ಕೊರತೆ ಮಗುವಿನದೆಂದು ಬರೆದುಕೊಳ್ಳುವುದು ನ್ಯಾಯವಲ್ಲ.

ಇಂತಹ ತರಗತಿಗಳಲ್ಲಿ ಏನಾಗುತ್ತದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಅಧ್ಯಾಪಕರು ಕರಿಹಲಗೆಯಲ್ಲಿ ಸಮೀಕರಣವನ್ನು ಹಂತ ಹಂತವಾಗಿ ಬಿಡಿಸುತ್ತಾರೆ. ಅಂಕಿಗಳಿಗೆ ಭಾಷೆಯ ಹಂಗಿಲ್ಲದ ಕಾರಣ ಮಕ್ಕಳು ಅದನ್ನು ಒಂದು ಗೆರೆಯೂ ತಪ್ಪದಂತೆ ನಕಲು ಮಾಡಿಕೊಳ್ಳುತ್ತಾರೆ. ನೋಟ್‌ಪುಸ್ತಕ ತುಂಬುತ್ತದೆ, ಕೆಂಪು ಶಾಯಿಯ ಸರಿ ಗುರುತೂ ಬೀಳುತ್ತದೆ. ಎಡಬದಿಯ ಏಳು ಬಲಬದಿಗೆ ಹೋದಾಗ ಚಿಹ್ನೆ ಏಕೆ ಬದಲಾಯಿತು ಎಂದು ಅದೇ ಮಗುವನ್ನು ಮನೆಯಲ್ಲಿ ಕೇಳಿ ನೋಡಿ; ‘ಸರ್ ಹಾಗೆ ಬರೆದರು’ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಬರುವುದಿಲ್ಲ. ಆ ‘ಏಕೆ’ ಎಂಬುದನ್ನು ವಿವರಿಸುವ ಮಾತೇ ಗಣಿತದ ಪಾಠ. ತಪಾಸಣೆಗೆ ಬಂದ ಅಧಿಕಾರಿ ತುಂಬಿದ ನೋಟ್‌ಪುಸ್ತಕ ನೋಡಿ ತೃಪ್ತರಾಗಿ ಹಿಂದಿರುಗುವುದರಿಂದ ಸಮಸ್ಯೆ ದಾಖಲಾಗುವುದೇ ಇಲ್ಲ.

ಈ ಪರಿಸ್ಥಿತಿಗೆ ಅಧ್ಯಾಪಕರನ್ನು ದೂಷಿಸಿ ಫಲವಿಲ್ಲ. ಕೇರಳದ ಲೋಕಸೇವಾ ಆಯೋಗವಾದ ಪಿ.ಎಸ್.ಸಿ.ಯಲ್ಲಿ ಕನ್ನಡ ಮಾಧ್ಯಮದ ಹುದ್ದೆಗಳಿಗೆ ಪ್ರತ್ಯೇಕ ಅಧಿಸೂಚನೆಯೇ ಇದೆ. ಆದರೂ ಕನ್ನಡದಲ್ಲಿ ಪಾಠ ಹೇಳಲಾಗದವರು ಆ ಹುದ್ದೆಗೆ ಬರುತ್ತಾರೆಂದರೆ ಲೋಪವಿರುವುದು ಆಯ್ಕೆಯ ಕ್ರಮದಲ್ಲಿ. ಅನ್ಯಭಾಷಿಕ ಶಿಕ್ಷಕರಿಗೆ ಕನ್ನಡ ಕಲಿಸುವ ಹತ್ತು ತಿಂಗಳ ತರಬೇತಿ ಮೈಸೂರಿನ ದಕ್ಷಿಣ ವಲಯ ಭಾಷಾ ಕೇಂದ್ರದಲ್ಲಿದೆ ಎಂದು ಅಧಿಕಾರಿಗಳು ಹೇಳಬಹುದು. ಅಧ್ಯಾಪಕರು ಅಲ್ಲಿ ಕಲಿತು ಬರುವ ಹೊತ್ತಿಗೆ ನಿಮ್ಮ ಮಗಳ ಎಂಟನೇ ತರಗತಿ ಮುಗಿದಿರುತ್ತದೆ ಎಂಬುದನ್ನು ಅವರಿಗೆ ನೆನಪಿಸಿ.

ಇನ್ನು ನೀವು ಮಾಡಬಹುದಾದದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು, ಬೋಧನಾ ಮಾಧ್ಯಮವು ಕಾರ್ಯಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯೇ ಆಗಿರಬೇಕೆನ್ನುತ್ತದೆ. ಈ ಕಾಯ್ದೆ 14 ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುವುದರಿಂದ ಎಂಟನೇ ತರಗತಿಯೂ ಅದರ ವ್ಯಾಪ್ತಿಯಲ್ಲಿದೆ. ಸಂವಿಧಾನದ 350ಎ ವಿಧಿಯನ್ನು ನಮ್ಮ ಸಭೆಗಳಲ್ಲಿ ಪದೇ ಪದೇ ಉಲ್ಲೇಖಿಸುತ್ತೇವೆ. ಅದು ಹೇಳುವುದು ಪ್ರಾಥಮಿಕ ಹಂತದ ಬಗ್ಗೆ, ಅದೂ ರಾಜ್ಯವು ‘ಪ್ರಯತ್ನಿಸಬೇಕು’ ಎಂದು ಮಾತ್ರ. ಆದ್ದರಿಂದ ನಿಮ್ಮ ಅರ್ಜಿಯಲ್ಲಿ ಶಿಕ್ಷಣ ಹಕ್ಕು ಕಾಯ್ದೆಯನ್ನು ಮುಂದಿಡುವುದೇ ಹೆಚ್ಚು ಉಪಯುಕ್ತ. ಆ ಕಾಯ್ದೆಯ 32ನೇ ಕಲಮಿನ ಪ್ರಕಾರ ಸ್ಥಳೀಯ ಸಂಸ್ಥೆಗೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ದೂರನ್ನು ಕನ್ನಡದಲ್ಲಿಯೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶ ನೀಡಿದೆ. ಒಬ್ಬ ತಾಯಿಯ ಹೆಸರಿನಲ್ಲಿ ಹೋಗುವ ಅರ್ಜಿಗಿಂತ ತರಗತಿಯ ಎಲ್ಲ ಹೆತ್ತವರು ಸಹಿ ಹಾಕಿ, ಹೆತ್ತವರ ಮತ್ತು ಅಧ್ಯಾಪಕರ ಸಂಘವಾದ ಪಿ.ಟಿ.ಎ.ಯ ನಡಾವಳಿ ಪುಸ್ತಕದಲ್ಲಿ ನಿರ್ಣಯವಾಗಿ ದಾಖಲಿಸಿ, ಪ್ರತಿಯನ್ನು ಎ.ಇ.ಒ. (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಗೂ ಜಿಲ್ಲಾಧಿಕಾರಿಗೂ ಕಳುಹಿಸಿದ ಅರ್ಜಿಗೆ ತೂಕ ಹೆಚ್ಚು. ತಿಂಗಳು ಕಳೆದರೂ ಉತ್ತರ ಬಾರದಿದ್ದರೆ, ಆ ಹುದ್ದೆಗೆ ನಿಗದಿಯಾದ ಭಾಷಾ ಅರ್ಹತೆ ಏನು, ಅದನ್ನು ಯಾವ ರೀತಿಯಲ್ಲಿ ಪರಿಶೀಲಿಸಲಾಯಿತು ಎಂದು ಮಾಹಿತಿ ಹಕ್ಕಿನಡಿ ಕೇಳಿ. 30 ದಿನಗಳಲ್ಲಿ ಉತ್ತರಿಸುವುದು ಅವರ ಕರ್ತವ್ಯ.

ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ಬಗ್ಗೆ: ನಿರ್ಧಾರ ನಿಮ್ಮದು, ಅದಕ್ಕಾಗಿ ಯಾರೂ ನಿಮ್ಮನ್ನು ಭಾಷಾದ್ರೋಹಿ ಎನ್ನಬಾರದು. ಆದರೂ ಒಂದು ವಿಷಯ ಯೋಚಿಸಿ. ಎಂಟು ವರ್ಷ ಕನ್ನಡದಲ್ಲಿ ಕಲಿತ ಮಗು ನಡುವಿನಲ್ಲಿ ಮಾಧ್ಯಮ ಬದಲಿಸಿದರೆ ಗಣಿತದಲ್ಲಿರುವ ಕಷ್ಟ ಎಲ್ಲ ವಿಷಯಗಳಿಗೂ ಹರಡುವ ಸಂಭವವಿದೆ. ಅಲ್ಲದೆ ನಮ್ಮಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನದ ಹಾಜರಾತಿ ಲೆಕ್ಕದ ಮೇಲೆ ತರಗತಿಯ ವಿಭಾಗಗಳು, ಅಂದರೆ ಡಿವಿಜನ್‌ಗಳು ನಿರ್ಧಾರವಾಗುತ್ತವೆ. ಮಕ್ಕಳು ಕಡಿಮೆಯಾದರೆ ಡಿವಿಜನ್ ಹೋಗುತ್ತದೆ, ಡಿವಿಜನ್ ಹೋದರೆ ಹುದ್ದೆ ಹೋಗುತ್ತದೆ, ಹುದ್ದೆ ಇಲ್ಲದ ಮೇಲೆ ಕನ್ನಡ ಬಲ್ಲ ಅಧ್ಯಾಪಕರನ್ನು ಕೇಳುವುದಕ್ಕೆ ಆಧಾರವೇ ಉಳಿಯುವುದಿಲ್ಲ. ಫೀಸು ಮತ್ತು ವಾಹನದ ಖರ್ಚು ಕೊಡಬಲ್ಲವರು ಹೊರಟುಹೋದಾಗ ಹಿಂದೆ ಉಳಿಯುವವರು ಬೀಡಿ ಕಟ್ಟುವವರ, ಅಡಿಕೆ ತೋಟದ ಕೂಲಿಯವರ ಮಕ್ಕಳು. ಅವರ ಪರವಾಗಿ ಅರ್ಜಿ ಬರೆಯುವವರು ಆಗ ಶಾಲೆಯಲ್ಲಿ ಇರುವುದಿಲ್ಲ.

ಪ್ರಶ್ನೆ: ನಾನು ಒಂದು ಅನುದಾನಿತ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯ ಅಧ್ಯಾಪಕಿ. ನಮ್ಮಲ್ಲಿ ಕೊರಗ ಸಮುದಾಯದ ಕೆಲವು ಮಕ್ಕಳಿದ್ದಾರೆ. ಒಂದನೇ ತರಗತಿಗೆ ನಗುತ್ತಾ ಬರುವ ಮಕ್ಕಳು ಮೂರನೇ ತರಗತಿಯ ಹೊತ್ತಿಗೆ ಮೌನವಾಗುತ್ತಾರೆ, ಮುಂದೆ ಶಾಲೆಗೆ ಬರುವುದೇ ಕಡಿಮೆಯಾಗುತ್ತದೆ. ಮನೆಯವರಿಗೆ ಆಸಕ್ತಿಯಿಲ್ಲ ಎಂಬುದು ಸಹೋದ್ಯೋಗಿಗಳ ಅಭಿಪ್ರಾಯ. ನಾನು ಏನು ಮಾಡಬಹುದು?
— ಅಧ್ಯಾಪಕಿ, ಬದಿಯಡ್ಕ ಪರಿಸರ

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದು. ಮೊದಲ ಪತ್ರದ ತಾಯಿ ತನ್ನ ಮಗಳಿಗಾಗಿ ಕೇಳುತ್ತಿರುವುದನ್ನು ಈ ಮಕ್ಕಳಿಗಾಗಿ ಕೇಳುವವರು ಇದುವರೆಗೆ ಇರಲಿಲ್ಲ. ಕನ್ನಡ ಮಾಧ್ಯಮದ ಶಾಲೆಗೆ ಬರುವ ಮಕ್ಕಳೆಲ್ಲರ ಮನೆಮಾತು ಕನ್ನಡವೆಂದು ನಾವು ಭಾವಿಸಿಕೊಂಡಿದ್ದೇವೆ. ತುಳು, ಹವ್ಯಕ, ಕರಾಡ ಮರಾಠಿ, ಕೊಂಕಣಿ, ಬ್ಯಾರಿ, ಉಪ್ಪಳದ ಕಡೆಗೆ ಹೋದರೆ ಉರ್ದು, ಹೀಗೆ ನಮ್ಮ ಒಂದೇ ಬೆಂಚಿನಲ್ಲಿ ಮೂರು ಮನೆಮಾತುಗಳು ಕುಳಿತಿರುತ್ತವೆ. ಇವರಲ್ಲಿ ಹೆಚ್ಚಿನ ಮಕ್ಕಳಿಗೆ ಮನೆಯ ಹಿರಿಯರಿಂದಲೋ, ಯಕ್ಷಗಾನ ತಾಳಮದ್ದಳೆಯಿಂದಲೋ, ಪತ್ರಿಕೆ ಟಿವಿಗಳಿಂದಲೋ ಕನ್ನಡ ಕಿವಿಗೆ ಬಿದ್ದಿರುತ್ತದೆ. ಮನೆಯಲ್ಲಿ ತುಳುವನ್ನೋ ಕೊರಗ ಭಾಷೆಯನ್ನೋ ಆಡುವ, ಅಕ್ಷರಸ್ಥ ಹಿರಿಯರಿಲ್ಲದ ಮಗುವಿಗೆ ಪಠ್ಯಪುಸ್ತಕದ ಕನ್ನಡ ಮೊದಲ ಬಾರಿಗೆ ಎದುರಾಗುವುದು ತರಗತಿಯಲ್ಲಿ. ಒಂದನೇ ತರಗತಿಯಲ್ಲಿ ಹಾಡು, ಚಿತ್ರ, ಕುಣಿತಗಳಿರುವುದರಿಂದ ಅಂತರ ತಿಳಿಯುವುದಿಲ್ಲ. ಮೂರನೆಯದರಲ್ಲಿ ಪಾಠ ಓದಿ ಉತ್ತರ ಬರೆಯಬೇಕಾದಾಗ ಅದು ಪ್ರಕಟವಾಗುತ್ತದೆ, ಮಗು ಬಾಯಿ ಮುಚ್ಚುತ್ತದೆ.

ಮನೆಯವರಿಗೆ ಆಸಕ್ತಿಯಿಲ್ಲ ಎಂಬ ಮಾತನ್ನು ದಯವಿಟ್ಟು ಒಪ್ಪಬೇಡಿ. ಕೊರಗರು ಕೇರಳದಲ್ಲಿ ವಿಶೇಷವಾಗಿ ದುರ್ಬಲವೆಂದು ಗುರುತಿಸಲಾದ ಐದು ಬುಡಕಟ್ಟುಗಳಲ್ಲಿ ಒಂದು. ಕಾಡಿನ ಬಳ್ಳಿ ಸಿಗುವುದು ಕಷ್ಟವಾಗಿ, ಪ್ಲಾಸ್ಟಿಕ್ ಬುಟ್ಟಿಗಳು ಸಂತೆಗೆ ಬಂದ ಮೇಲೆ ಅವರ ಬುಟ್ಟಿ ಹೆಣಿಗೆಯ ಆದಾಯ ಕುಸಿದಿದೆ. ಅವರನ್ನು ಊರಿನವರು ನಡೆಸಿಕೊಂಡ ರೀತಿಯ ನೆನಪು ಆ ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ಕೂಲಿಗೆ ಹೋಗುವ ತಂದೆತಾಯಿ ಪಿ.ಟಿ.ಎ. ಸಭೆಗೆ ಬರುವುದಿಲ್ಲವೆಂದರೆ, ಸಭೆ ಕರೆದದ್ದು ಕೆಲಸದ ದಿನ ಮಧ್ಯಾಹ್ನ ಎರಡು ಗಂಟೆಗೆ ಎಂಬುದನ್ನೂ ನೋಡಬೇಕು.

ನಿಮ್ಮ ಕೈಯಲ್ಲಿರುವ ಕೆಲಸ ಸಣ್ಣದಲ್ಲ. ಆ ಮಕ್ಕಳೊಂದಿಗೆ ಮೊದಲು ತುಳುವಿನಲ್ಲಿ ಮಾತನಾಡಿ. ಪಾಠದ ಕತೆಯನ್ನು ಅವರ ಮಾತಿನಲ್ಲಿ ಹೇಳಿಸಿ, ಆಮೇಲೆ ಅದೇ ಕತೆಯನ್ನು ಕನ್ನಡದಲ್ಲಿ ಓದಿಸಿ. ತುಳುವಿನಲ್ಲಿ ಕೊಟ್ಟ ಸರಿಯುತ್ತರವನ್ನು ಸರಿ ಎಂದೇ ಒಪ್ಪಿಕೊಳ್ಳಿ. ಬುಟ್ಟಿಯ ತಳ ಹಾಕುವಾಗ ಬಳ್ಳಿಗಳನ್ನು ಎಣಿಸಿ ಜೋಡಿಸುವ ಕ್ರಮದಲ್ಲಿ ಮೂರನೇ ತರಗತಿಯ ಗುಣಾಕಾರವಿದೆ. ಆ ಮಗುವಿನ ಅಜ್ಜಿಯನ್ನು ಒಂದು ದಿನ ಶಾಲೆಗೆ ಕರೆದು ಎಲ್ಲ ಮಕ್ಕಳೆದುರು ಹೆಣೆಸಿದರೆ ಅಂದು ತರಗತಿಯಲ್ಲಿ ಹೆಚ್ಚು ತಿಳಿದ ಮಗು ಯಾವುದೆಂದು ಉಳಿದವರಿಗೂ ಗೊತ್ತಾಗುತ್ತದೆ. ಇದರ ಜೊತೆಗೆ ಶಾಲೆಯಿಂದ ಒಂದು ಬೇಡಿಕೆಯೂ ಹೋಗಬೇಕು. 2017ರಲ್ಲಿ ವಯನಾಡಿನಲ್ಲಿ ಆರಂಭವಾದ ‘ಗೋತ್ರಬಂಧು’ ಯೋಜನೆಯಲ್ಲಿ ಬುಡಕಟ್ಟು ಸಮುದಾಯಗಳ ವಿದ್ಯಾವಂತ ಯುವಕ ಯುವತಿಯರನ್ನೇ ಪ್ರಾಥಮಿಕ ಶಾಲೆಗಳಿಗೆ ಮಾರ್ಗದರ್ಶಕ ಶಿಕ್ಷಕರಾಗಿ ನೇಮಿಸಲಾಯಿತು. ಕೊರಗ ಮಕ್ಕಳಿರುವ ನಮ್ಮ ಶಾಲೆಗಳಿಗೂ ಅದೇ ಮಾದರಿಯಲ್ಲಿ ಸಮುದಾಯದವರೇ ಬರಬೇಕೆಂದು ಪಂಚಾಯತಿನ ಮೂಲಕ ಪರಿಶಿಷ್ಟ ಪಂಗಡ ಅಭಿವೃದ್ಧಿ ಇಲಾಖೆಗೆ ಬರೆಯಿರಿ.

ಕನ್ನಡ ಸಂಘಟನೆಗಳಿಗೂ ಇಲ್ಲಿ ಒಂದು ಮಾತು ಹೇಳಬೇಕಾಗಿದೆ. 2017ರಲ್ಲಿ ಮಲಯಾಳವನ್ನು ಎಲ್ಲ ಶಾಲೆಗಳಲ್ಲಿ ಕಡ್ಡಾಯಗೊಳಿಸಿದಾಗ ನಾವು ಬೀದಿಗಿಳಿದೆವು. ಮಗುವಿಗೆ ಅದರ ಭಾಷೆ ಬೇಕೆಂದು ಅಂದು ನಾವು ಮಂಡಿಸಿದ ವಾದ ನಿಜವಾಗಿದ್ದರೆ ಅದು ಕೊರಗ ಮಗುವಿಗೂ ಸಲ್ಲಬೇಕು. ತಿರುವನಂತಪುರದಿಂದ ನಾವು ನಿರೀಕ್ಷಿಸುವ ಔದಾರ್ಯವನ್ನು ನಮ್ಮದೇ ಶಾಲೆಯ ಹಿಂದಿನ ಬೆಂಚಿಗೆ ತೋರಿಸಲಾರದೆ ಹೋದರೆ ನಮ್ಮ ಬೇಡಿಕೆಗೆ ನೈತಿಕ ಬಲ ಬರುವುದಿಲ್ಲ.

ಪ್ರಶ್ನೆ: ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಗ್ರೇಡ್ ಪಡೆದೆ. ಪ್ಲಸ್ ವನ್ (ಹನ್ನೊಂದನೇ ತರಗತಿ) ವಿಜ್ಞಾನಕ್ಕೆ ಸೇರಿದ ಮೇಲೆ ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ. ಎರಡೂ ಅರ್ಧಂಬರ್ಧ ಅರ್ಥವಾಗುತ್ತಿವೆ. ಪ್ರಶ್ನೆ ಕೇಳಿದರೆ ಕೆಲವರು ನಗುತ್ತಾರೆ. ನಾನು ದಡ್ಡನೇ ಎಂಬ ಸಂಶಯ ಬರುತ್ತಿದೆ.
— ವಿದ್ಯಾರ್ಥಿ, ಕುಂಬಳೆ

ಉತ್ತರ: ಖಂಡಿತ ಅಲ್ಲ. ಉಳಿದ ವಿದ್ಯಾರ್ಥಿಗಳು ಒಂದು ಹೊಸ ವಿಷಯವನ್ನು ಕಲಿಯುತ್ತಿರುವಾಗ ನೀವು ಅದೇ ಅವಧಿಯಲ್ಲಿ ವಿಷಯವನ್ನೂ ಎರಡು ಭಾಷೆಗಳನ್ನೂ ಕಲಿಯುತ್ತಿದ್ದೀರಿ. ಮೊದಲ ಕೆಲವು ತಿಂಗಳು ಹಿಂದೆ ಬಿದ್ದಂತೆ ಅನ್ನಿಸುವುದು ಸಹಜ.

ಒಂದು ಉಪಾಯ ಹೇಳುತ್ತೇವೆ. ರಾಜ್ಯದ ಎಸ್.ಸಿ.ಇ.ಆರ್.ಟಿ. ಹತ್ತನೆಯವರೆಗಿನ ವಿಜ್ಞಾನ ಮತ್ತು ಗಣಿತದ ಒಂದೇ ಪಠ್ಯವನ್ನು ಮಲಯಾಳ, ಇಂಗ್ಲಿಷ್, ತಮಿಳು, ಕನ್ನಡಗಳಲ್ಲಿ ಹೊರತರುತ್ತದೆ, ಅವು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನಿಮಗೆ ಈಗಾಗಲೇ ಚೆನ್ನಾಗಿ ಗೊತ್ತಿರುವ ಒಂಬತ್ತು ಮತ್ತು ಹತ್ತನೆಯ ಪಾಠಗಳನ್ನು ಇಂಗ್ಲಿಷ್ ಆವೃತ್ತಿಯಲ್ಲಿ ಮತ್ತೊಮ್ಮೆ ಓದಿ. ವಿಷಯ ತಿಳಿದಿರುವುದರಿಂದ ನೀವು ಕಲಿಯಬೇಕಾದದ್ದು ಪದಗಳನ್ನು ಮಾತ್ರ. ಪ್ಲಸ್ ವನ್ ಪಾಠಗಳಿಗೆ ಬೇಕಾದ ಪಾರಿಭಾಷಿಕ ಶಬ್ದಗಳಲ್ಲಿ ಬಹುಪಾಲು ಅಲ್ಲೇ ಇವೆ. ಎರಡನೇ ಭಾಷೆಯಾಗಿ ಕನ್ನಡವನ್ನು ಬಿಡಬೇಡಿ, ನಿಮ್ಮ ಆಲೋಚನೆ ಸ್ಪಷ್ಟವಾಗಿ ಹರಿಯುವುದು ಅದರಲ್ಲಿ. ಮುಂದೆ ಕನ್ನಡ ಕಲಿಯಲು 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜು ಇದೆ, 1980ರಲ್ಲಿ ಆರಂಭವಾದ ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜೂ ಇದೆ.

ನಗುವವರ ಬಗ್ಗೆ ನಿಮ್ಮ ತರಗತಿಯ ಅಧ್ಯಾಪಕರಲ್ಲಿ ನೇರವಾಗಿ ಹೇಳಿ. ಇದನ್ನು ಓದುತ್ತಿರುವ ಹೈಯರ್ ಸೆಕೆಂಡರಿ ಅಧ್ಯಾಪಕರಲ್ಲಿ ನಮ್ಮ ವಿನಂತಿ ಇಷ್ಟೇ: ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಯಾರು ಯಾರು ಎಂದು ಜೂನ್‌ನಲ್ಲಿಯೇ ಕೇಳಿ ತಿಳಿದುಕೊಳ್ಳಿ, ಮೊದಲ ತಿಂಗಳು ಪಾಠದ ಮುಖ್ಯ ಪದಗಳನ್ನು ಹಲಗೆಯಲ್ಲಿ ಬರೆದು ವಿವರಿಸಿ. ಅದಕ್ಕೆ ಸರಕಾರದ ಆದೇಶವೂ ಬೇಡ, ಅನುದಾನವೂ ಬೇಡ.

ಪ್ರಶ್ನೆ: ನಮ್ಮೂರಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಮಗ ಓದುತ್ತಿದ್ದಾನೆ. ಮಹಾರಾಷ್ಟ್ರದಲ್ಲಿ ಕನ್ನಡ ಓದಿದವನಿಗೆ ಮುಂದೆ ಇಲ್ಲಿಯೂ ಇಲ್ಲ, ಕರ್ನಾಟಕದಲ್ಲಿಯೂ ಇಲ್ಲ ಎಂದು ಎಲ್ಲರೂ ಹೆದರಿಸುತ್ತಾರೆ. ನಿಜವೇ?
— ರೈತ, ಜತ್ ತಾಲೂಕು

ಉತ್ತರ: ಪೂರ್ತಿ ನಿಜವಲ್ಲ. ಪುಣೆಯ ಬಾಲಭಾರತಿ ಸಂಸ್ಥೆ ಇಂದಿಗೂ ಕನ್ನಡದಲ್ಲಿ ಪಠ್ಯಪುಸ್ತಕ ಮುದ್ರಿಸುತ್ತಿದೆ. 2020ರ ಕಾಯ್ದೆಯಿಂದ ಮರಾಠಿ ಎಲ್ಲ ಶಾಲೆಗಳಲ್ಲಿ ಕಡ್ಡಾಯವಾದದ್ದರಿಂದ ನಿಮ್ಮ ಮಗ ಮರಾಠಿಯನ್ನೂ ಕಲಿಯುತ್ತಾನೆ. ಅದನ್ನು ಹೊರೆಯೆಂದು ತಿಳಿಯದೆ ಚೆನ್ನಾಗಿ ಕಲಿಯಲು ಹೇಳಿ, ಅಲ್ಲಿಯ ನೌಕರಿಗೆ ಅದು ಬೇಕಾಗುತ್ತದೆ.

ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡು ಕನ್ನಡಿಗರಿಗೆ ಅರ್ಹತೆಯ ಪ್ರತ್ಯೇಕ ವಿಭಾಗವಿದೆ. ಜತ್, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳೂ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳೂ ಅದರಲ್ಲಿ ಬರುತ್ತವೆ. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಆ ಪ್ರದೇಶದಲ್ಲಿಯೇ ವಾಸವಿದ್ದು ನಿಗದಿತ ವರ್ಷಗಳ ಕಾಲ ಓದಿರಬೇಕು, ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಗೂ ಹಾಜರಾಗಬೇಕು. ನಿಬಂಧನೆಗಳನ್ನು ಆಯಾ ವರ್ಷದ ಸಿ.ಇ.ಟಿ. ಮಾಹಿತಿ ಪುಸ್ತಿಕೆಯಲ್ಲಿಯೇ ನೋಡಿ. ಅರ್ಹತೆಯಿದ್ದೂ ಸಕಾಲದಲ್ಲಿ ದಾಖಲೆ ಒದಗಿಸಲಾಗದೆ ಸೀಟು ಕಳೆದುಕೊಳ್ಳುವ ಬಡ ಕುಟುಂಬಗಳ ಸಂಗತಿ ನೋವಿನದು. ಆದ್ದರಿಂದ ವ್ಯಾಸಂಗ ಪ್ರಮಾಣಪತ್ರ ಮತ್ತು ವಾಸ ದೃಢೀಕರಣಗಳನ್ನು ಮಗ ಹತ್ತನೆಯಲ್ಲಿರುವಾಗಲೇ ಮಾಡಿಸಿ ಇಟ್ಟುಕೊಳ್ಳಿ.

ಪ್ರಶ್ನೆ: ಏಳನೇ ತರಗತಿಯಲ್ಲಿ ಚೆನ್ನಾಗಿ ಓದುವ ಮಗಳಿದ್ದಾಳೆ. ಪ್ಲಸ್ ಟುವರೆಗೆ ಓದಿಸುವ ಶಕ್ತಿ ನನಗಿಲ್ಲ. ಸಹಾಯಧನ ಏನಾದರೂ ಇದೆಯೇ?
— ಬೀಡಿ ಕಾರ್ಮಿಕೆ, ಉಪ್ಪಳ

ಉತ್ತರ: ಇದೆ. ಎನ್.ಎಂ.ಎಂ.ಎಸ್. ಎಂಬ ಕೇಂದ್ರ ವಿದ್ಯಾರ್ಥಿವೇತನದ ಪರೀಕ್ಷೆಯನ್ನು ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳು ಬರೆಯಬಹುದು. ಏಳನೆಯಲ್ಲಿ ಶೇ. 55 ಅಂಕವಿರಬೇಕು, ಪರಿಶಿಷ್ಟರಿಗೆ ಇದರಲ್ಲಿ ರಿಯಾಯಿತಿಯಿದೆ. ಕುಟುಂಬದ ವಾರ್ಷಿಕ ಆದಾಯ 3,50,000 ರೂಪಾಯಿ ಮೀರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಬೇಗನೆ ಅರ್ಜಿ ಹಾಕಿ, ಮುಖ್ಯೋಪಾಧ್ಯಾಯರಿಗೆ ಈಗಲೇ ತಿಳಿಸಿ.

ಪ್ರಶ್ನೆ: ಮೊಮ್ಮಗನಿಗೆ ಹತ್ತು ವರ್ಷ. ನಡೆಯಲು ಕಷ್ಟ, ಮಾತು ಸ್ಪಷ್ಟವಿಲ್ಲ. ಹತ್ತಿರದ ಶಾಲೆಯವರು ‘ಇಲ್ಲಿ ನೋಡಿಕೊಳ್ಳುವವರಿಲ್ಲ, ಬಡ್ಸ್ ಶಾಲೆಗೆ ಹಾಕಿ’ ಎಂದರು. ಎಂಡೋಸಲ್ಫಾನ್ ಪಟ್ಟಿಯಲ್ಲಿ ಅವನ ಹೆಸರಿಲ್ಲ, ಹಾಗಾಗಿ ಏನೂ ಸಿಗದು ಎಂದು ಕೆಲವರು ಹೇಳುತ್ತಾರೆ.
— ಅಜ್ಜಿ, ಎಣ್ಮಕಜೆ

ಉತ್ತರ: ಅಮ್ಮಾ, ಅವರು ಎರಡು ಬೇರೆ ಬೇರೆ ವಿಷಯಗಳನ್ನು ಸೇರಿಸಿ ನಿಮ್ಮನ್ನು ಗೊಂದಲಗೊಳಿಸಿದ್ದಾರೆ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಂತ್ರಸ್ತರ ಪಟ್ಟಿ ಪರಿಹಾರ ಮತ್ತು ಚಿಕಿತ್ಸೆಗೆ ಸಂಬಂಧಿಸಿದ್ದು. ಶಾಲೆಗೆ ಸೇರುವ ಹಕ್ಕು ಆ ಪಟ್ಟಿಯನ್ನು ಅವಲಂಬಿಸಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದನ್ನು ನೆರೆಯ ಶಾಲೆಯಲ್ಲಿ ಪಡೆಯಬೇಕೋ ವಿಶೇಷ ಶಾಲೆಯಲ್ಲೋ ಎಂಬ ಆಯ್ಕೆ ಮಗುವಿನದು ಮತ್ತು ಮನೆಯವರದು. ಇಂತಹ ಮಕ್ಕಳಿಗಾಗಿಯೇ ಇರುವ ವಿಶೇಷ ಶಾಲೆಯಾದ ಬಡ್ಸ್ ಶಾಲೆ ಒಳ್ಳೆಯದೆಂದು ನಿಮಗೆ ತೋರಿದರೆ ಅಲ್ಲಿಗೆ ಕಳುಹಿಸಿ, ಅಲ್ಲಿ ಪ್ರೀತಿಯಿಂದ ಕೆಲಸ ಮಾಡುವವರಿದ್ದಾರೆ. ಆದರೆ ಮುಖ್ಯೋಪಾಧ್ಯಾಯರು ನಿಮಗಾಗಿ ಆ ಆಯ್ಕೆ ಮಾಡುವಂತಿಲ್ಲ.

ಮೊದಲು ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿ. ಅದರ ಪ್ರತಿಯೊಂದಿಗೆ ಪ್ರವೇಶದ ಅರ್ಜಿಯನ್ನು ಬರೆದು ಕೊಡಿ, ನಿರಾಕರಿಸುವುದಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಇಲ್ಲ ಎನ್ನುವವರು ಕಾಗದದಲ್ಲಿ ಹಾಗೆ ಬರೆಯಲು ಹಿಂಜರಿಯುತ್ತಾರೆ. ಬಿ.ಆರ್.ಸಿ.ಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ವಿಶೇಷ ಶಿಕ್ಷಕರಿದ್ದಾರೆ, ಶಾಲೆಗೆ ಬರಲಾಗದ ದಿನಗಳಲ್ಲಿ ಮನೆಗೆ ಬಂದು ಕಲಿಸುವ ವ್ಯವಸ್ಥೆಯೂ ಸಮಗ್ರ ಶಿಕ್ಷಾ ಯೋಜನೆಯಲ್ಲಿದೆ. ಮಾತಿನ ತರಬೇತಿ ಕೊಡುವವರಿಗೆ ಮನೆಯಲ್ಲಿ ಆಡುವ ಭಾಷೆ ಯಾವುದೆಂದು ಮೊದಲ ದಿನವೇ ಹೇಳಿ. ಸ್ಪಷ್ಟವಾಗಿ ಮಾತು ಬಾರದ ಮಗುವಿಗೆ ಗೊತ್ತಿಲ್ಲದ ಭಾಷೆಯಲ್ಲಿ ಅಭ್ಯಾಸ ಮಾಡಿಸಿದರೆ ಪ್ರಯೋಜನವಾಗುವುದಿಲ್ಲ. ಶಾಲೆ ಮತ್ತೆ ನಿರಾಕರಿಸಿದರೆ ಆ ಕಾಗದದ ಪ್ರತಿಯನ್ನು ನಮಗೂ ಕಳುಹಿಸಿ, ರಾಜ್ಯದ ಅಂಗವಿಕಲರ ಆಯುಕ್ತರಿಗೆ ಬರೆಯಬೇಕಾದ ದೂರನ್ನು ಕನ್ನಡದಲ್ಲಿ ಸಿದ್ಧಪಡಿಸಲು ನೆರವಾಗುತ್ತೇವೆ.